ಹೋಟೆಲಿನ ಹುಡುಗನೂ ‘ನಾಟಕದ ಹುಚ್ಚೂ’: ಪಶ್ಚಿಮ ತಾಲ್ಲೂಕುಗಳ ರಂಗಚರಿತ್ರೆಯಲ್ಲಿ ಒಂದು ಬಿಟ್ಟ ಸ್ಥಳ

ಕನ್ನಡ ರಂಗಭೂಮಿಯ ಚರಿತ್ರೆಯನ್ನು ‘ವೃತ್ತಿ’ ಮತ್ತು ‘ಹವ್ಯಾಸಿ’ ಎಂದು ವಿಂಗಡಿಸಿ ನೋಡುವುದು ವಿಮರ್ಶೆಯಲ್ಲಿ ರೂಢವಾಗಿದೆ. ಈ ವಿಂಗಡಣೆಯೊಳಗೆ ಅಡಗಿರುವ ಒಂದು ಊಹೆಯನ್ನು ಮಾತ್ರ ಹೆಚ್ಚು ಪರಿಶೀಲಿಸಿದಂತಿಲ್ಲ. ಹವ್ಯಾಸಿ ಎನ್ನಿಸಿಕೊಳ್ಳಲು ಹಗಲಿಗೊಂದು ಉದ್ಯೋಗವಿದ್ದರೆ ಸಾಲದು, ಸಂಜೆಯೂ ತನ್ನದಾಗಿರಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಸ್ ನಿಲ್ದಾಣದ ಹೋಟೆಲುಗಳಲ್ಲಿ, ಖಾನಾವಳಿಗಳಲ್ಲಿ, ಮಂಡಕ್ಕಿ ಒಗ್ಗರಣೆ–ಮಿರ್ಚಿಯ ಅಂಗಡಿಗಳಲ್ಲಿ ದುಡಿಯುವ ತರುಣನಿಗೆ ಅಂಥ ಸಂಜೆಯಿಲ್ಲ. ಬಣ್ಣ ಹಚ್ಚುವ ಆಸೆ ಅವನಲ್ಲಿದ್ದರೆ ಅವನು ವೃತ್ತಿನಟನೂ ಅಲ್ಲ, ಹವ್ಯಾಸಿಯೂ ಅಲ್ಲ. ಚರಿತ್ರೆಕಾರರ ಪಟ್ಟಿಯಲ್ಲಿ ಅವನಿಗೊಂದು ಕಾಲಂ ಇಲ್ಲ.

ಈ ಸೀಮೆಯ ಆಡುಮಾತು ಇಂಥವನನ್ನು ಗುರುತಿಸಿದೆ. ‘ಅವನಿಗೆ ನಾಟಕದ ಹುಚ್ಚು’ ಎಂಬ ಮಾತಿನಲ್ಲಿ ಅಕ್ಕರೆಯೂ ಇದೆ, ಎಚ್ಚರಿಕೆಯೂ ಇದೆ. ಅಭಿನಂದನ ಗ್ರಂಥಗಳಲ್ಲಿ ಮೆರೆಯುವ ‘ಕಲಾಸೇವೆ’, ‘ಕಲೆಗಾಗಿ ಬಾಳನ್ನೇ ಮುಡಿಪಾಗಿಟ್ಟವರು’ ಎಂಬ ನುಡಿಗಟ್ಟುಗಳು ಅಕ್ಕರೆಯನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಅಳಿಸಿಹಾಕುತ್ತವೆ. ಹೀಗಾಗಿ ಕೆಲಸ ಬಿಟ್ಟು ಹೊರಟವನ ಕಥೆ ಧೈರ್ಯದ ಕಥೆಯಾಗಿ, ಬಿಡದೆ ಉಳಿದವನ ಬದುಕು ಪುಕ್ಕಲುತನವಾಗಿ ಓದಿಗೆ ಒದಗುತ್ತದೆ. ವಾಸ್ತವದಲ್ಲಿ ಇಲ್ಲಿನ ಪ್ರಶ್ನೆ ಧೈರ್ಯದ್ದಲ್ಲ, ವೇಳೆಯದು, ಅನ್ನದ್ದು.

ಮನೆಬಿಟ್ಟು ಓಡಿಹೋಗಿ ಕಂಪನಿ ಸೇರುವುದು ಕನ್ನಡ ರಂಗಚರಿತ್ರೆಯ ಮೆಚ್ಚಿನ ಪ್ರಸಂಗ. ಬಿ.ವಿ. ಕಾರಂತರು ಬಾಲ್ಯದಲ್ಲಿ ಗುಬ್ಬಿ ಕಂಪನಿಯನ್ನು ಸೇರಿದ ಸಂಗತಿ ಎಲ್ಲರೂ ಬಲ್ಲದ್ದು. ಆದರೆ ಓಡಿಹೋದವನನ್ನು ಸೇರಿಸಿಕೊಳ್ಳಲು ಆಗ ಒಂದು ಮನೆಯಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಗುಬ್ಬಿ ಕಂಪನಿಯಾಗಲಿ, ಈ ಸೀಮೆಗೆ ಹತ್ತಿರದ ದಾವಣಗೆರೆಯ ಕೆ.ಬಿ.ಆರ್. ಕಂಪನಿಯಾಗಲಿ ರಂಗಸಜ್ಜಿಕೆಯಷ್ಟೇ ಆಗಿರಲಿಲ್ಲ, ಅಡುಗೆಮನೆಯೂ ಆಗಿತ್ತು. ಪಾತ್ರ ಸಿಗದವನು ಪರದೆ ಎಳೆದನು, ಗೇಟು ಕಾಯ್ದನು, ಉಂಡನು. ಹೋಟೆಲು ಬಿಟ್ಟು ಕಂಪನಿ ಸೇರಿದವನು ಒಂದು ಒಲೆಯಿಂದ ಇನ್ನೊಂದು ಒಲೆಗೆ ಬಂದನೆಂದೇ ಹೇಳಬೇಕು. ಕಂಪನಿಗಳು ಬೆರಳೆಣಿಕೆಗೆ ಇಳಿದ ಮೇಲೆ ಆ ಎರಡನೆಯ ಒಲೆ ಆರಿದೆ. ನೀನಾಸಂ ತಿರುಗಾಟ (1985), ಸಾಣೇಹಳ್ಳಿಯ ಶಿವಸಂಚಾರ (1997) ಮೊದಲಾದವು ಹೊಸ ದಾರಿಗಳನ್ನು ತೆರೆದದ್ದು ನಿಜ. ಆದರೆ ಅವು ಆಯ್ದ ಕೆಲವರನ್ನು ಒಂದು ಋತುವಿನ ಮಟ್ಟಿಗೆ ಮಾತ್ರ ಪೋಷಿಸಬಲ್ಲವು.

ಇದೇ ಸೀಮೆಯ ಬರಹಗಾರರ, ರಂಗಾಸಕ್ತರ ಬದುಕನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchi ಅವರು—ಆ ಅರ್ಧ ಇಂಗ್ಲಿಷಿನ ಹೆಸರನ್ನು ಇಲ್ಲಿ ಬೀಚಿ ಎಂದೇ ಬರೆಯೋಣ—ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬರೆದರು. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಶಾಲಾ ಶಿಕ್ಷಕರಾಗಿದ್ದುಕೊಂಡೇ ಈ ನೆಲದ ಒರಟು ನುಡಿಯನ್ನು ಕಾದಂಬರಿಗೆ ತಂದರು. ಹಡಗಲಿಯ ಎಂ.ಪಿ. ಪ್ರಕಾಶರು ವಕೀಲಿಕೆ, ರಾಜಕಾರಣಗಳ ನಡುವೆಯೇ ರಂಗಭಾರತಿಯನ್ನು ಕಟ್ಟಿದರು. ಇವರಲ್ಲಿ ಯಾರೂ ಕಲೆಗಾಗಿ ಅನ್ನವನ್ನು ಬಿಟ್ಟವರಲ್ಲ, ಬಿಡಬೇಕಾಗಿಯೂ ಬರಲಿಲ್ಲ. ರಜೆ, ಸಂಬಳ, ತನ್ನದೇ ಆದ ರಾತ್ರಿ ಎಂಬ ಮೂರೂ ಅವರ ಉದ್ಯೋಗದೊಳಗೇ ಇದ್ದವು.

ಹೋಟೆಲಿನ ದಿನಚರಿ ಬೇರೆ. ಬೆಳಗಿನ ಜಾವ ಒಲೆ ಹೊತ್ತುತ್ತದೆ. ರಾತ್ರಿ ಪಾತ್ರೆ ತೊಳೆದು, ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಟ್ಟ ಮೇಲೆಯೇ ಬಿಡುವು. ನಾಟಕದ ತಾಲೀಮು ಊರು ಉಂಡ ಮೇಲೆ ಶುರುವಾಗುವುದರಿಂದ, ನಿದ್ದೆಯನ್ನು ಬಿಡುವವನು ತಾಲೀಮಿಗೇನೋ ಹೋಗಬಲ್ಲ. ಕಷ್ಟ ಬರುವುದು ಪ್ರದರ್ಶನದ ದಿನ. ಭಾರತ ಹುಣ್ಣಿಮೆಯ ಆಸುಪಾಸಿನ ಮೈಲಾರದ ಜಾತ್ರೆ, ಕೊಟ್ಟೂರೇಶ್ವರನ ತೇರು, ಊರೂರ ಗ್ರಾಮದೇವತೆಗಳ ಪರಿಷೆ—ಸುಗ್ಗಿಯ ನಂತರದ ಈ ದಿನಗಳೇ ದೊಡ್ಡಾಟಕ್ಕೂ ಸಾಮಾಜಿಕ ನಾಟಕಕ್ಕೂ ಹೊತ್ತು. ಹೋಟೆಲುಗಳಿಗೂ ವರ್ಷದ ದುಡಿಮೆಯ ಹೊತ್ತು ಅದೇ. ರೈತನಿಗೆ ಬಿಡುವು ಕೊಡುವ ಪಂಚಾಂಗವೇ ಸಪ್ಲೈಯರನ ಬಿಡುವನ್ನು ಕಸಿಯುತ್ತದೆ. ಗಲ್ಲಾದ ಮೇಲೆ ಕುಳಿತ ಸಾಹುಕಾರ ಕಲಾವಿರೋಧಿಯೇ ಆಗಬೇಕಿಲ್ಲ. ಆ ನಾಟಕಕ್ಕೆ ದೇಣಿಗೆ ಕೊಟ್ಟವನೂ ಅವನೇ ಆಗಿರಬಹುದು. ಆದರೂ ಆ ಒಂದು ರಾತ್ರಿ ಅವನು ಆಳನ್ನು ಬಿಡಲಾರ. ಅದರ ಮೇಲೆ ಹಳ್ಳಿಯ ನಾಟಕಗಳಲ್ಲಿ ಪಾತ್ರಧಾರಿಗಳೇ ಖರ್ಚನ್ನು ಹಂಚಿಕೊಳ್ಳುವ ರೂಢಿಯಿದೆ. ದೊಡ್ಡ ಪಾತ್ರದಾಸೆಗೆ ಮುಂಗಡ ಸಂಬಳ ಎತ್ತಿದವನು ಕೆಲಸಕ್ಕೆ ಇನ್ನಷ್ಟು ಕಟ್ಟುಬೀಳುತ್ತಾನೆ.

2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಿಕೊಳ್ಳುವುದು ನಿಷಿದ್ಧವಾಯಿತು. ಅದಕ್ಕೂ ಹಿಂದಿನ ಜೀವನಚಿತ್ರಗಳಲ್ಲಿ ‘ಲೋಟ ತೊಳೆಯುತ್ತ ಬೆಳೆದ ಹುಡುಗ’ ಒಂದು ಅಲಂಕಾರವಾಗಿ ಬರುವುದನ್ನು ಈಗ ಮುಜುಗರದಿಂದಲೇ ಓದಬೇಕಾಗುತ್ತದೆ.

ಸೃಜನಶೀಲ ಸಾಹಿತ್ಯವಾದರೂ ಈ ತೆರವನ್ನು ತುಂಬಿದೆಯೇ? ಕರಾವಳಿಯಿಂದ ಘಟ್ಟ ಹತ್ತಿ ಬಂದ ಹೋಟೆಲಿನ ಕಥನಕ್ಕೆ ಕಾರಂತರ ‘ಮರಳಿ ಮಣ್ಣಿಗೆ’ (1941) ಮುಖ್ಯ ದಾಖಲೆ. ಅಲ್ಲಿ ಶೀನಮಯ್ಯನ ಸಂಸಾರಕ್ಕೆ ಬೆಂಗಳೂರಿನ ಹೋಟೆಲು ಹಣದ ದಾರಿ. ಚಿತ್ರ–ಸಂಗೀತಗಳ ಒಲವಿರುವುದು ಇನ್ನೊಂದು ಮನೆಯ ರಾಮನಿಗೆ. ಪಟ್ಟಣಗಳಲ್ಲಿ ಬಳಲಿದ ರಾಮನು ಮರಳಿ ಬರಲು ಕಡಲತಡಿಯ ಮಣ್ಣಿದೆ. ಹೋಟೆಲೂ ಕಲೆಯೂ ಒಂದೇ ಮೈಯಲ್ಲಿ ಕೂಡುವ ಪಾತ್ರವನ್ನು ಆ ಮಹಾಕೃತಿಯೂ ಕಲ್ಪಿಸಿಕೊಳ್ಳಲಿಲ್ಲ. ಮಳೆಯನ್ನೇ ನಂಬಿದ ಕೂಡ್ಲಿಗಿಯ ಹೊಲದಿಂದ ಬಂದ ಸಪ್ಲೈಯರನಿಗೆ ರಾಮನ ಪರಿಹಾರ ಒದಗುವಂಥದೂ ಅಲ್ಲ.

ಈ ಸೀಮೆಯಲ್ಲಿಯೇ ಅಂಥ ಕೂಡುವಿಕೆಯ ನಿಜವಾದ ನಿದರ್ಶನವಿದೆ. ಮಂಜಮ್ಮ ಜೋಗತಿಯವರು ಹೊಟ್ಟೆಪಾಡಿಗೆ ಇಡ್ಲಿ ಮಾರಿದವರು. ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯವರ ಮೇಳದಲ್ಲಿ ಬೆಳೆದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದರು. ಈ ಬದುಕನ್ನು ‘ಇಡ್ಲಿಯಿಂದ ಪದ್ಮಶ್ರೀಗೆ’ ಎಂದು ಏಣಿಯಂತೆ ಬಣ್ಣಿಸುವುದು ಸುಲಭ. ಆದರೆ ಅದು ತಪ್ಪು ಓದು. ಅವರು ಮಾರಿದ್ದು ತಮ್ಮದೇ ಇಡ್ಲಿಯನ್ನು. ಪುಟ್ಟಿ ಬರಿದಾದ ಮೇಲಿನ ಹೊತ್ತು ಯಾರ ಗಲ್ಲಾಕ್ಕೂ ಸೇರಿರಲಿಲ್ಲ. ಮನೆಯಿಂದ ಹೊರಬಿದ್ದ ಅವರಿಗೆ ಜೋಗತಿ ಪರಂಪರೆ ಕಲೆಯಷ್ಟೇ ಆಗಿರದೆ ಆಸರೆಯೂ ಆಗಿತ್ತು. ಕೆಲಸವೋ ಕಲೆಯೋ ಎಂದು ಆಯ್ಕೆ ಮಾಡಿಕೊಳ್ಳುವ ಅನುಕೂಲ ಅವರಿಗೆ ಇರಲೇ ಇಲ್ಲ. ನೆರೆಯ ಮರಿಯಮ್ಮನಹಳ್ಳಿಯ ನಟಿಯರ ವಿಷಯವೂ ಇದಕ್ಕೆ ಹತ್ತಿರದ್ದು: ಊರೂರಿನ ಗಂಡಸರು ಹುಚ್ಚಿಗಾಗಿ ಏರುವ ರಂಗವನ್ನು ಅವರು ಕೂಲಿಗಾಗಿ ಏರುತ್ತಾರೆ.

ಸರ್ಕಾರ ಕಲಾವಿದರಿಗೆ ಕೊಡುವ ಮಾಸಾಶನಕ್ಕೆ 58 ವರ್ಷ ತುಂಬಿರಬೇಕು, ಕಲಾಸೇವೆಗೆ ದಾಖಲೆ ಬೇಕು. ಹೋಟೆಲಿನಲ್ಲಿದ್ದುಕೊಂಡೇ ವರ್ಷಕ್ಕೊಂದು ರಾತ್ರಿ ಬಣ್ಣ ಹಚ್ಚಿದವನ ಬಳಿ ಇರುವ ದಾಖಲೆಯೆಂದರೆ ಜಾತ್ರೆಯ ನಾಟಕದ ಕರಪತ್ರ. ಅದರಲ್ಲಿ ಪಾತ್ರದ ಎದುರು ಅವನ ಹೆಸರು ಅಚ್ಚಾಗಿರುತ್ತದೆ; ಮರುದಿನ ಬೆಳಗಿನ ಜಾವ ಅವನು ಯಾವ ಒಲೆಯ ಮುಂದೆ ನಿಂತಿದ್ದನೆಂಬುದು ಇರುವುದಿಲ್ಲ. ಈ ತಾಲ್ಲೂಕುಗಳ ಮುದ್ರಣಾಲಯಗಳಲ್ಲಿ, ಹಳೆಯ ಟ್ರಂಕುಗಳಲ್ಲಿ ಅಂಥ ಕರಪತ್ರಗಳು ಇನ್ನೂ ಉಳಿದಿರುವಾಗಲೇ ಅವುಗಳನ್ನು ಕೂಡಿಹಾಕಿ, ಹೆಸರುಗಳ ಮುಂದೆ ಕಸುಬನ್ನೂ ಕೇಳಿ ಬರೆದುಕೊಳ್ಳುವ ಕೆಲಸ ಆಗಬೇಕಾಗಿದೆ.