ಬೆಸುಗೆ ಪೆಪ್ಟೈಡುಗಳು: ಮೂರರಲ್ಲಿ ಒಂದೇ, ನೂರರಲ್ಲಿ ಆರೇ?

ಜೀವಕೋಶಗಳು ತಮ್ಮೊಳಗಿನ ಪ್ರೋಟೀನುಗಳ ಚೂರುಗಳನ್ನು ಎಚ್‌ಎಲ್‌ಎ ಅಣುಗಳಲ್ಲಿಟ್ಟು ಹೊರಮೈಯಲ್ಲಿ ಪ್ರದರ್ಶಿಸುತ್ತವೆ. ಸಾಮಾನ್ಯವಾಗಿ 8ರಿಂದ 11 ಅಮೈನೊ ಆಮ್ಲಗಳ ಈ ಪೆಪ್ಟೈಡುಗಳಿಂದಲೇ ಟಿ ಕೋಶಗಳು ಕ್ಯಾನ್ಸರ್ ಕೋಶವನ್ನು ಗುರುತಿಸುವುದು. ಪ್ರಯೋಗಾಲಯದಲ್ಲಿ ಪ್ರತಿಕಾಯದಿಂದ ಎಚ್‌ಎಲ್‌ಎಯನ್ನು ಹಿಡಿದು, ಆಮ್ಲದಿಂದ ಪೆಪ್ಟೈಡುಗಳನ್ನು ಬಿಡಿಸಿ, ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುತ್ತಾರೆ.

2016ರಲ್ಲಿ 'ಸೈನ್ಸ್' ಪತ್ರಿಕೆಯ ಪ್ರಬಂಧವೊಂದು, ಇವುಗಳ ವೈವಿಧ್ಯದಲ್ಲಿ ಸುಮಾರು ಮೂರನೇ ಒಂದು ಪಾಲು ಬೆಸುಗೆಯವು ಎಂದಿತು. ಅಂದರೆ ಪ್ರೋಟೀನಿನ ಎರಡು ಬಿಡಿ ಚೂರುಗಳನ್ನು ಪ್ರೋಟಿಯಸೋಮ್ ಜೋಡಿಸಿದಂಥವು. ಇಂಥ ಬೆಸುಗೆ ನಡೆಯುವುದು 2004ರಲ್ಲೇ ಗೊತ್ತಾಗಿತ್ತು. ತಕರಾರು ಪ್ರಮಾಣದ್ದು.

ಉಪಕರಣ ಅಳೆಯುವುದು ದ್ರವ್ಯರಾಶಿಯನ್ನು, ಹೆಸರನ್ನಲ್ಲ. ಲ್ಯೂಸಿನ್, ಐಸೊಲ್ಯೂಸಿನ್‌ಗಳ ರಾಶಿ ಒಂದೇ. ಸರಪಳಿಯಲ್ಲಿ ಎರಡು ಗ್ಲೈಸಿನ್‌ಗಳು ಸೇರಿದರೆ ಒಂದು ಆಸ್ಪರಾಜಿನ್‌ನ ತೂಕ! ಹೆಸರು ಕೊಡುವುದು, ಸಂಭಾವ್ಯ ಪೆಪ್ಟೈಡುಗಳ ಪಟ್ಟಿಯೊಡನೆ ಹೋಲಿಸುವ ಕಂಪ್ಯೂಟರು. ಬೆಸುಗೆಗಳನ್ನು ಸೇರಿಸಿದೊಡನೆ ಪಟ್ಟಿ ವಿಪರೀತ ಬೆಳೆದು, ಆಕಸ್ಮಿಕ ಹೋಲಿಕೆಗಳೂ ಹೆಚ್ಚುತ್ತವೆ. 'ತಪ್ಪು ಶೇ. 1 ಮಾತ್ರ' ಎಂಬ ಭರವಸೆಯೂ ಸಾಲದು. 1000 ಹೆಸರುಗಳಲ್ಲಿ 10 ತಪ್ಪಿದ್ದು, ಆ ಹತ್ತೂ 20 ಬೆಸುಗೆ ಪೆಪ್ಟೈಡುಗಳ ನಡುವೆಯೇ ಇದ್ದರೆ ಅಲ್ಲಿನ ತಪ್ಪು ಶೇ. 50! ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ.

2018ರಲ್ಲಿ ಬೇರೊಂದು ತಂಡ ಆ ಫಲಿತಾಂಶಗಳನ್ನು ಮರುಪರೀಕ್ಷಿಸಿದಾಗ ಒಂದಂಶವಷ್ಟೇ ಗುಣಮಟ್ಟದಲ್ಲಿ ತೇರ್ಗಡೆಯಾಯಿತು. ಬೆಸುಗೆ ಇರಬಹುದಾದದ್ದು ಶೇ. 2ರಿಂದ 6 ಎಂದು ಆ ತಂಡದ ಅಂದಾಜು. ಅದೂ ಅಂದಾಜೇ.

ಲಸಿಕೆಗೆ ಗುರಿಗಳನ್ನು ಆರಿಸುವುದು ಇಂಥ ಪಟ್ಟಿಗಳಿಂದ. ಆದ್ದರಿಂದ ಆಯ್ದ ಪೆಪ್ಟೈಡನ್ನು ಕೃತಕವಾಗಿ ತಯಾರಿಸಿ, ಅದರ ರೋಹಿತವನ್ನು ಮೂಲದೊಡನೆ ಹೋಲಿಸದೆ ಯಾವ ಹೆಸರನ್ನೂ ಒಪ್ಪಬಾರದು.