ನಕ್ಷೆಯಲ್ಲಿರುವ ಮರುಭೂಮಿ

ಬಾಣ ತಾಗಿದ ಜಿಂಕೆ ಅಲ್ಲೇ ಬೀಳಲಿಲ್ಲ. ರಕ್ತದ ಹನಿಗಳ ಜಾಡು ಹಿಡಿದು ಪೊದೆಗಳ ನಡುವೆ ಹೋದರೆ ಅದು ನೆಲದ ಮೇಲೆ ಬಿದ್ದು ಒದ್ದಾಡುತ್ತಿತ್ತು. ಆರ್ಥರ್ ಮಾರ್ಗನ್ ಮೊಣಕಾಲೂರಿ, ಚಾಕುವಿನಿಂದ ಅದನ್ನು ಮುಗಿಸಿ, ಚರ್ಮ ಸುಲಿದು, ಸುತ್ತಿ ಹೆಗಲಿಗೆ ಹಾಕಿಕೊಂಡ. ಚರ್ಮ ಕೀಳುವ ಸದ್ದಿಗೆ ನಾನು ಮುಖ ಆಚೆ ತಿರುಗಿಸಿದೆ. ಇಷ್ಟೂ ಹೊತ್ತು ಕಂಟ್ರೋಲರ್ ಹಿಡಿದ ನನ್ನ ಬೆರಳುಗಳಿಗೆ ಕೆಲಸವೇ ಇರಲಿಲ್ಲ. ‘ಇದು ಸ್ಕಿಪ್ ಆಗಲ್ಲ ಮಾಮ, ಪ್ರತಿ ಸಲಾನೂ ನೋಡ್ಲೇಬೇಕು’ ಎಂದ ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ. ಅವನು ಈ ಗೇಮನ್ನು ಅರ್ಧಕ್ಕೆ ಬಿಟ್ಟದ್ದಕ್ಕೆ ಅದೇ ಕಾರಣವಂತೆ. ನಾನು ಕೊನೆಯವರೆಗೆ ಆಡಿದ್ದಕ್ಕೂ ಹೆಚ್ಚುಕಡಿಮೆ ಅದೇ ಕಾರಣ ಎಂದರೆ ಅವನು ನಂಬಲಿಲ್ಲ.

ರಾಕ್‌ಸ್ಟಾರ್ ಕಂಪನಿಯ ‘ರೆಡ್ ಡೆಡ್ ರಿಡೆಂಪ್ಷನ್ 2’ ಬಂದದ್ದು 2018ರ ಅಕ್ಟೋಬರ್‌ನಲ್ಲಿ. ಕತೆ ನಡೆಯುವುದು 1899ರಲ್ಲಿ. ಅಮೆರಿಕದಲ್ಲಿ ವಲಸಿಗರ ಕೈಗೆ ಸಿಗದ ಗಡಿನಾಡು ಇನ್ನು ಉಳಿದಿಲ್ಲ ಎಂದು 1890ರ ಜನಗಣತಿಯೇ ಹೇಳಿಯಾಗಿತ್ತು. ಡಚ್ ವಾನ್ ಡರ್ ಲಿಂಡ್ ಎಂಬಾತನ ದರೋಡೆಕೋರರ ತಂಡ ಮಾತ್ರ ಇನ್ನೂ ಆ ಕಾಲದಲ್ಲೇ ಬದುಕುತ್ತಿದೆ. ಬ್ಲ್ಯಾಕ್‌ವಾಟರ್ ಎಂಬ ಊರಿನಲ್ಲಿ ಲೂಟಿಗೆ ಹೋಗಿ ಎಡವಟ್ಟಾಗಿ, ಹಿಮ ಸುರಿಯುವ ಬೆಟ್ಟಗಳಿಗೆ ಓಡಿಬಂದಿದೆ. ಆರ್ಥರ್ ಆ ತಂಡದ ನಂಬಿಗಸ್ತ ಭಂಟ, ಅವನೇ ನಾವು. ಊರುಗಳು, ರಾಜ್ಯಗಳು ಎಲ್ಲವೂ ಕಲ್ಪಿತ, ಆದರೆ ಸೇಂಟ್ ಡೆನಿ ಎಂಬ ನಗರವನ್ನು ನೋಡಿದವರಿಗೆ ಅದು ನ್ಯೂ ಆರ್ಲಿಯನ್ಸ್ ಎಂದು ತಿಳಿಯದೆ ಇರದು. ಒಂದು ಮಾತು: ನಾನು ಈ ಕತೆಯ ಕೊನೆಯನ್ನೂ ಹೇಳಲಿದ್ದೇನೆ. ಆಡಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿ, ಆಡಿ ಬಂದು ಓದಬಹುದು. ಅವಸರವೇನಿಲ್ಲ.

ಈ ಗೇಮಿನ ‘ನೈಜತೆ’ಯನ್ನು ಹೊಗಳುವವರು ಸಾಮಾನ್ಯವಾಗಿ ಒಂದು ಪಟ್ಟಿ ಕೊಡುತ್ತಾರೆ. ಆರ್ಥರ್‌ನ ಗಡ್ಡ ದಿನದಿನಕ್ಕೆ ಬೆಳೆಯುತ್ತದೆ. ಎಣ್ಣೆ ಹಾಕಿ ಒರೆಸದಿದ್ದರೆ ಬಂದೂಕು ಕೈಕೊಡುತ್ತದೆ. ಹೆಚ್ಚು ತಿಂದರೆ ದಪ್ಪಗಾಗುತ್ತಾನೆ, ತಿನ್ನದಿದ್ದರೆ ಸೊರಗುತ್ತಾನೆ. ಹೊಡೆದು ಬಿಟ್ಟುಹೋದ ಪ್ರಾಣಿ ಅಲ್ಲೇ ಕೊಳೆಯುತ್ತದೆ, ಹದ್ದುಗಳು ಬರುತ್ತವೆ. ಪಟ್ಟಿಯ ತುದಿಯಲ್ಲಿ ನಗುತ್ತ ಹೇಳುವ ಒಂದು ಸಂಗತಿ ಇದ್ದೇ ಇರುತ್ತದೆ: ಚಳಿಯಾದರೆ ಗಂಡು ಕುದುರೆಯ ವೃಷಣಗಳು ಕುಗ್ಗುತ್ತವೆ. ಗೇಮ್ ಬಿಡುಗಡೆಯಾದ ಸುಮಾರಿಗೆ ಜಗತ್ತಿನ ಪತ್ರಿಕೆಗಳೆಲ್ಲ ಇದನ್ನು ಬರೆದವು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ರೋಲಾಂ ಬಾರ್ತ್ ನೆನಪಾಗಬೇಕು. 1968ರ ಒಂದು ಪ್ರಬಂಧದಲ್ಲಿ ಅವನು ಫ್ಲಾಬೇರನ ಕತೆಯೊಂದರ ವಾಯುಭಾರಮಾಪಕವನ್ನು ಹಿಡಿದು ಕೂರುತ್ತಾನೆ. ಮನೆಯೊಡತಿಯ ಕೋಣೆಯಲ್ಲಿ ಪಿಯಾನೋ ಇದೆ, ಸರಿ, ಅದು ಅವಳ ವರ್ಗವನ್ನು ಹೇಳುತ್ತದೆ. ಆದರೆ ವಾಯುಭಾರಮಾಪಕ ಯಾಕೆ? ಅದರಿಂದ ಕತೆಗೆ ಏನೂ ಆಗಬೇಕಾಗಿಲ್ಲ. ಬಾರ್ತ್‌ನ ಪ್ರಕಾರ ಅಂಥ ನಿರುಪಯೋಗಿ ವಿವರಕ್ಕಿರುವ ಕೆಲಸ ಒಂದೇ, ‘ಇದು ವಾಸ್ತವ’ ಎಂದು ಸಾರುವುದು. ಕುದುರೆಯ ಆ ಅಂಗ ಈ ಗೇಮಿನ ವಾಯುಭಾರಮಾಪಕ. ಅದರಿಂದ ಕತೆಗಾಗಲಿ, ನನ್ನ ಗುರಿ ತಪ್ಪದ ಗುಂಡಿಗಾಗಲಿ ಏನೂ ಆಗಬೇಕಾಗಿಲ್ಲ.

ಆದರೆ ಒಂದು ವ್ಯತ್ಯಾಸವಿದೆ. ಫ್ಲಾಬೇರನಿಗೆ ಆ ಉಪಕರಣಕ್ಕೆ ತಗುಲಿದ ಖರ್ಚು ಒಂದು ಪದ. ಗೇಮಿನಲ್ಲಿ ಪ್ರತಿ ವಿವರವನ್ನೂ ಯಾರೋ ಕೂತು ಮಾಡಬೇಕು, ಅದು ಅಲುಗಾಡುವಂತೆ ಮಾಡಬೇಕು, ಬೇರೆ ಸಾವಿರ ವಿವರಗಳ ಜತೆ ಜಗಳವಾಡದಂತೆ ಪರೀಕ್ಷಿಸಬೇಕು. 3 ಲಕ್ಷ ಅನಿಮೇಷನ್‌ಗಳು, 5 ಲಕ್ಷ ಸಾಲುಗಳ ಸಂಭಾಷಣೆ ಎಂಬ ಲೆಕ್ಕ ಬಿಡುಗಡೆಗೆ ಮುಂಚಿನ ಸಂದರ್ಶನದಲ್ಲಿ ಬಂದಿತ್ತು. ಅದೇ ಸಂದರ್ಶನದಲ್ಲಿ ಬರಹಗಾರ ಡ್ಯಾನ್ ಹೌಸರ್ ವಾರಕ್ಕೆ 100 ಗಂಟೆ ದುಡಿದದ್ದರ ಬಗ್ಗೆ ಹೆಮ್ಮೆಯ ದನಿಯಲ್ಲಿ ಮಾತಾಡಿದ. ಗದ್ದಲವೆದ್ದ ಮೇಲೆ, ಅದು ಹಿರಿಯ ಬರಹಗಾರರ ಚಿಕ್ಕ ಗುಂಪಿನ ಮೂರು ವಾರಗಳ ಮಾತಷ್ಟೇ ಎಂದು ತಿದ್ದಿಕೊಂಡ. ಆಮೇಲೆ ಹಲವು ನೌಕರರು ತಮ್ಮ ದೀರ್ಘ ದುಡಿಮೆಯ ಬಗ್ಗೆ ಪತ್ರಕರ್ತರಿಗೆ ಹೇಳಿಕೊಂಡರು. ಈ ಗೇಮನ್ನು ಕಟ್ಟಿದ ಕಂಪನಿಯ ಶಾಖೆಗಳಲ್ಲಿ ಬೆಂಗಳೂರಿನದೂ ಒಂದು. 1997ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಧ್ರುವ ಇಂಟರಾಕ್ಟಿವ್ ಅನ್ನೂ ರಾಕ್‌ಸ್ಟಾರ್ 2019ರಲ್ಲಿ ಕೊಂಡುಕೊಂಡಿತು. ಕೊನೆಯಲ್ಲಿ ತೆರೆಯ ಮೇಲೆ ಹರಿಯುವ ಹೆಸರುಗಳಲ್ಲಿ ನಮ್ಮವು ಬಂದಾಗ ನಾನು ನೆಟ್ಟಗೆ ಕೂತೆ. 1899ರ ಅಮೆರಿಕದ ಯಾವ ಬೇಲಿ, ಯಾವ ಲಾಟೀನು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮನೆಗೆ ತಡವಾಗಿ ಹೋದ ಯಾರ ಕೈಯದೋ. ನೈಜತೆ ಎನ್ನುವುದು ಇಲ್ಲಿ ಶೈಲಿಯಷ್ಟೇ ಅಲ್ಲ, ಸಂಬಳದ ಲೆಕ್ಕವೂ ಹೌದು.

ಇಷ್ಟು ದುಡಿದು ಕಟ್ಟಿದ್ದರಲ್ಲಿ ನಾವು ಮುಳುಗುತ್ತೇವೆಯೇ? ಗೇಮ್‌ಗಳ ಚರ್ಚೆಯಲ್ಲಿ ಪದೇಪದೇ ಬರುವ ಈ ‘ಮುಳುಗುವಿಕೆ’ಯನ್ನು ಜಾನೆಟ್ ಮರ್ರೆ 1997ರ ತಮ್ಮ ಪುಸ್ತಕದಲ್ಲಿ ನೀರಿಗಿಳಿಯುವ ಅನುಭವಕ್ಕೆ ಹೋಲಿಸಿದ್ದರು: ಸುತ್ತಲೂ ಬೇರೊಂದೇ ಮಾಧ್ಯಮ, ಗಾಳಿಗಿಂತ ಬೇರೆ. ಕನ್ನಡದಲ್ಲಿ ನಾವು ‘ತಲ್ಲೀನತೆ’ ಎಂದು ಸಂಸ್ಕೃತಕ್ಕೆ ಮೊರೆಹೋಗುತ್ತೇವೆ. ನನಗೆ ಮುಳುಗುವುದೇ ಇಷ್ಟ. ನಾವು ಓದಿನಲ್ಲಿ ಮುಳುಗುತ್ತೇವೆ, ಕೆಲಸದಲ್ಲಿ ಮುಳುಗುತ್ತೇವೆ, ಸಾಲದಲ್ಲೂ ಮುಳುಗುತ್ತೇವೆ. ಈ ಮೂರನೆಯದು ಮುಂದೆ ಬರುತ್ತದೆ.

ವಿವರಗಳು ಮಾತ್ರ ನನ್ನನ್ನು ಮುಳುಗಿಸಲಿಲ್ಲ. ನೋಡಿ ಬೆರಗಾದೆ, ಅಷ್ಟೆ. ಬೆರಗು ದಡದ ಮೇಲೆ ನಿಂತವರದು. ಇನ್ನು ನೀರಿಗಿಳಿದಾಗಲೆಲ್ಲ ಗೇಮೇ ನನ್ನನ್ನು ಎಳೆದು ಹೊರಗೆ ಹಾಕುತ್ತಿತ್ತು. ಇಡೀ ನಾಡು ನಿನ್ನದು, ಎಲ್ಲಿ ಬೇಕಾದರೂ ಹೋಗು ಎನ್ನುತ್ತದೆ. ಆದರೆ ಕತೆಯ ಕೆಲಸವೊಂದು ಶುರುವಾಯಿತೋ, ಸಂಗಾತಿಗಳ ಹಿಂದೆ ಗೆರೆ ಎಳೆದಂತೆ ಹೋಗಬೇಕು. ಸ್ವಲ್ಪ ಅತ್ತಿತ್ತ ಸರಿದರೆ ‘ಸೋತೆ’ ಎಂದು ಮತ್ತೆ ಮೊದಲಿನಿಂದ. ಒಂದು ಕಾಳಗದಲ್ಲಿ ಮೂವತ್ತು ನಲವತ್ತು ಜನರನ್ನು ಕೊಂದ ಆರ್ಥರ್ ಸಂಜೆ ಬಿಡಾರದ ಬೆಂಕಿಯ ಮುಂದೆ ಕೂತು ಹಾಡಿಗೆ ದನಿಗೂಡಿಸುತ್ತಾನೆ. ಅಂಚೆ ಕಚೇರಿಗೆ ಹೋಗಿ ದಂಡ ಕಟ್ಟಿದರೆ ತಲೆಯ ಮೇಲಿನ ಬಹುಮಾನ ಅಳಿಸಿಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ದುಡ್ಡಿನದು. ಹಳೆಯ ನಕ್ಷೆಗಳ ಬೆನ್ನುಹತ್ತಿ ನಾನು ಚಿನ್ನದ ಗಟ್ಟಿಗಳನ್ನು ತೆಗೆದಿದ್ದೆ, ಒಂದೊಂದಕ್ಕೂ 500 ಡಾಲರ್. ಜೇಬಿನಲ್ಲಿ ಅಷ್ಟಿಟ್ಟುಕೊಂಡು ನಿಂತಾಗಲೂ ಡಚ್ ನನ್ನೆದುರೇ ‘ಸ್ವಲ್ಪ ದುಡ್ಡಾದರೆ ಸಾಕು, ಇಲ್ಲಿಂದ ಹೊರಡೋಣ’ ಎಂಬ ಧಾಟಿಯಲ್ಲಿ ಭಾಷಣ ಮಾಡುತ್ತಿರುತ್ತಾನೆ. ಗಡ್ಡದ ಕೂದಲನ್ನು ಎಣಿಸುವ ಗೇಮಿಗೆ ನನ್ನ ಜೇಬು ಕಾಣುವುದಿಲ್ಲ.

ಈ ಕುರುಡಿನ ನಡುವೆಯೇ ಥಾಮಸ್ ಡೌನ್ಸ್ ಬರುತ್ತಾನೆ.

ಅವನನ್ನು ಮೊದಲು ನೋಡುವುದು ವ್ಯಾಲೆಂಟೈನ್ ಎಂಬ ಕೆಸರಿನ ಊರಿನಲ್ಲಿ. ಹೆಂಡದಂಗಡಿಯ ಜಗಳ ಬೀದಿಗೆ ಬಂದು, ಆರ್ಥರ್ ಒಬ್ಬ ದೈತ್ಯನನ್ನು ಕೆಸರಿನಲ್ಲಿ ಕೆಡವಿ ಗುದ್ದುತ್ತಿದ್ದಾಗ, ಸಾಕು ಬಿಡಪ್ಪ ಎಂದು ಅಡ್ಡ ಬರುವ ಬಡಕಲು ಮನುಷ್ಯ ಅವನು. ನಾನು ಗಮನಿಸಿರಲಿಲ್ಲ. ಆಮೇಲೆ ತಂಡದ ಬಡ್ಡಿ ವ್ಯಾಪಾರಿ ಸ್ಟ್ರಾಸ್ ಸಾಲ ವಸೂಲಿಗೆ ಕಳಿಸುತ್ತಾನೆ. ಸಾಲಗಾರರ ಪಟ್ಟಿಯಲ್ಲಿ ಡೌನ್ಸ್ ಒಬ್ಬ. ಚಿಕ್ಕ ಹೊಲ, ಹೆಂಡತಿ ಎಡಿತ್, ಹದಿಹರೆಯದ ಮಗ. ಕೊಡಲು ಏನೂ ಇಲ್ಲ ಎನ್ನುತ್ತಾನೆ. ಹೊಡೆಯುವುದಕ್ಕೆ ಗೇಮ್ ಬಟನ್ ತೋರಿಸಿತು, ಒತ್ತಿದೆ. ಅವನು ಕೆಮ್ಮಿದ, ರಕ್ತ ಆರ್ಥರ್‌ನ ಮುಖಕ್ಕೆ ಸಿಡಿಯಿತು. ಆರ್ಥರ್ ಅದನ್ನು ಒರೆಸಿಕೊಂಡ. ನಾನು ಮುಂದಿನ ಕೆಲಸದ ಕಡೆ ಕುದುರೆ ತಿರುಗಿಸಿದೆ. ಡೌನ್ಸ್ ಸತ್ತ ಸುದ್ದಿ ಬಂದ ಮೇಲೆ ಅವನ ವಿಧವೆಯ ಹತ್ತಿರವೂ ವಸೂಲಿ ಮಾಡಿದ್ದಾಯಿತು. ಇಡೀ ಸಾಲವನ್ನು ನನ್ನ ಜೇಬಿನಿಂದಲೇ ತೀರಿಸಬಹುದಿತ್ತು. ಅದಕ್ಕೆ ಬಟನ್ ಇರಲಿಲ್ಲ.

ಹತ್ತಾರು ಗಂಟೆಗಳ ಆಟದ ನಂತರ, ಸೇಂಟ್ ಡೆನಿಯ ಬೀದಿಯಲ್ಲಿ ಆರ್ಥರ್ ಕೆಮ್ಮುತ್ತ ಕುಸಿದು ಬೀಳುತ್ತಾನೆ. ದಾರಿಹೋಕನೊಬ್ಬ ವೈದ್ಯರ ಹತ್ತಿರ ಕರೆದೊಯ್ಯುತ್ತಾನೆ. ಕ್ಷಯ. ಕಾಕ್ ಆ ರೋಗಾಣುವನ್ನು ಕಂಡುಹಿಡಿದದ್ದು 1882ರಲ್ಲಿ, ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. 1899 ಇವೆರಡರ ನಡುವೆ ಸಿಕ್ಕಿಕೊಂಡ ವರ್ಷ: ರೋಗದ ಹೆಸರು ಗೊತ್ತು, ಮದ್ದು ಗೊತ್ತಿಲ್ಲ.

ಇಲ್ಲಿಂದಾಚೆಗೆ ಆ ವಾಯುಭಾರಮಾಪಕಗಳೆಲ್ಲ ಕೆಲಸ ಶುರುಮಾಡುತ್ತವೆ. ಅಲ್ಲಿಯವರೆಗೆ ಊಟ ಮಾಡಿಸುವುದು ಒಂದು ರಗಳೆಯಾಗಿತ್ತು, ತೂಕ ಹೆಚ್ಚುಕಡಿಮೆಯಾಗುವುದು ತಮಾಷೆಯಾಗಿತ್ತು. ಈಗ ಎಷ್ಟು ತಿನ್ನಿಸಿದರೂ ಆರ್ಥರ್‌ನ ತೂಕ ಏರುವುದಿಲ್ಲ. ಕೆನ್ನೆ ಒಳಗೆ ಹೋಗುತ್ತದೆ, ಕಣ್ಣು ಕೆಂಪಾಗುತ್ತದೆ, ಅಂಗಿ ಸಡಿಲವಾಗಿ ತೂಗುತ್ತದೆ. ನಾನು ದಿನಾ ಬಿಡಾರದ ಪಾತ್ರೆಯಿಂದ ಅವನಿಗೆ ಊಟ ಬಡಿಸಿಕೊಟ್ಟೆ. ತಿಂದ, ಕೆಮ್ಮಿದ. ನಮ್ಮ ಮನೆಗಳಲ್ಲಿ ಮಂಚ ಹಿಡಿದವರಿಗೆ ‘ಇನ್ನೊಂದು ತುತ್ತು’ ಎಂದು ಒತ್ತಾಯಿಸುತ್ತೇವಲ್ಲ, ಅದೇ ಮೊಂಡುತನ ನನಗೆ ಹತ್ತಿತ್ತು. ನನಗೂ ಗೊತ್ತಿತ್ತು ಪ್ರಯೋಜನವಿಲ್ಲವೆಂದು. ಮುಳುಗಿದ್ದೇನೆ ಎಂದು ಅರಿವಾದದ್ದು ಆಗಲೇ. ಕುದುರೆ, ಹಿಮ, ಲಾಟೀನಿನ ಬೆಳಕು ಯಾವುದೂ ಮಾಡದ ಕೆಲಸವನ್ನು, ಏರದ ಒಂದು ತೂಕದ ಮಟ್ಟ ಮಾಡಿತು. ಬಾರ್ತ್ ನಿರುಪಯೋಗಿ ಎಂದ ವಿವರ ಇಲ್ಲಿ ತಡವಾಗಿ ಫಲ ಕೊಡುತ್ತದೆ, ಆ ಫಲವೂ ಕಹಿ. ಉಳಿದ ವಿವರಗಳಿಗೂ ಹೀಗೇ ಆಗುತ್ತದೆ ಎಂದು ನಾನು ವಾದಿಸಲಾರೆ. ಕುದುರೆಯ ಅಂಗ ಕೊನೆಯವರೆಗೂ ತಮಾಷೆಯಾಗಿಯೇ ಉಳಿಯಿತು.

ಒಂದು ಬಟನ್ ಒತ್ತಿದ್ದರ ಹೊಣೆಯನ್ನು ಇಷ್ಟು ದೂರ ಹೊರಿಸಿಕೊಂಡು ಹೋಗುವುದನ್ನು ನಾನು ಬೇರಾವ ವೆಸ್ಟರ್ನ್ ಗೇಮಿನಲ್ಲೂ ನೋಡಿಲ್ಲ. ಈ ಪ್ರಕಾರದಲ್ಲಿ ಸಾವು ಅಗ್ಗ. ಗುಂಡು ಹೊಡೆ, ಮುಂದೆ ಹೋಗು. ನಾನು ಗುಂಡಿಟ್ಟ ನೂರಾರು ಜನರಲ್ಲಿ ಒಬ್ಬನೂ ಆರ್ಥರ್‌ನನ್ನು ಮುಟ್ಟಲಿಲ್ಲ. ಅವನನ್ನು ಕೊಂದದ್ದು ಬಂದೂಕಿಲ್ಲದವನು, ಸಾಲಗಾರ. ಕೆಲವರು ಇದನ್ನು ಮೋಸ ಎನ್ನುತ್ತಾರೆ: ಆ ವಸೂಲಿ ತಪ್ಪಿಸಲು ದಾರಿಯೇ ಇಲ್ಲದಿರುವಾಗ ತಪ್ಪು ನನ್ನದು ಹೇಗೆ? ಒಪ್ಪಬೇಕಾದ ಮಾತು. ನನಗೂ ಅದು ಚುಚ್ಚಿತು. ಆದರೆ ಬಟನ್ ಒತ್ತುವಾಗ ನಾನು ಬೇರೆ ದಾರಿ ಹುಡುಕಿರಲಿಲ್ಲ ಎಂಬುದೂ ನಿಜ. ಹುಡುಕಿ ಸಿಗದೆ ಒತ್ತಿದವರು ಬೇಕಾದರೆ ಗೇಮನ್ನು ಬಯ್ಯಲಿ. ಮುಂದೆ ಆನ್ಸ್‌ಬರ್ಗ್ ಎಂಬ ಗಣಿಯ ಊರಿನಲ್ಲಿ ಎಡಿತ್ ಮೈಮಾರಿಕೊಂಡು, ಮಗ ಗಣಿಯಲ್ಲಿ ದುಡಿದು ಬದುಕುತ್ತಿರುವುದು ಕಾಣುತ್ತದೆ. ಅವರ ಕೈಗೆ ದುಡ್ಡು ಕೊಟ್ಟು ಕಳಿಸುವ ಭಾಗವನ್ನು ಬೇಕಿದ್ದರೆ ಆಡಬಹುದು, ಬೇಡದಿದ್ದರೆ ಬಿಡಬಹುದು. ಈ ಸಲ ಬಟನ್ ಇತ್ತು.

ಆ ಡಾಕ್ಟರು ಹೇಳಿದ್ದು ನನ್ನ ತಲೆಯಿಂದ ಹೋಗಲಿಲ್ಲ: ಬೆಚ್ಚಗಿನ, ಒಣ ಹವೆಯ ಕಡೆ ಹೋಗಿ ವಿಶ್ರಾಂತಿ ತಗೋ. ಇದು ಗೇಮಿನ ಕಲ್ಪನೆಯಲ್ಲ. ಆ ಕಾಲದಲ್ಲಿ ಕ್ಷಯರೋಗಿಗಳು ಸಾವಿರಗಟ್ಟಲೆ ಪಶ್ಚಿಮಕ್ಕೆ ಹೋಗುತ್ತಿದ್ದರು. ಸಿನಿಮಾಗಳಲ್ಲಿ ಬಂದೂಕಿಗೆ ಹೆಸರಾದ ಡಾಕ್ ಹಾಲಿಡೇ ಕೂಡ ಹಾಗೆ ಹೋದವನು; 1887ರಲ್ಲಿ ಕೊಲರಾಡೊದಲ್ಲಿ ಕ್ಷಯದಿಂದಲೇ ಸತ್ತ. ಕೌಬಾಯ್ ಸಿನಿಮಾಗಳ ಪಶ್ಚಿಮ ಒಂದು ದೊಡ್ಡ ಆಸ್ಪತ್ರೆಯ ವರಾಂಡವೂ ಆಗಿತ್ತು ಎನ್ನುವುದನ್ನು ಆ ಸಿನಿಮಾಗಳು ಹೆಚ್ಚಾಗಿ ಹೇಳುವುದಿಲ್ಲ.

ನಕ್ಷೆ ತೆಗೆದು ನೋಡಿದೆ. ಬೆಚ್ಚಗಿನ ಒಣ ನಾಡು ಅಲ್ಲೇ ಇತ್ತು, ನೈಋತ್ಯಕ್ಕೆ: ನ್ಯೂ ಆಸ್ಟಿನ್, ಮರುಭೂಮಿ. ಕುದುರೆ ಹತ್ತಿಸಿ ಹೊರಟೆ. ಬ್ಲ್ಯಾಕ್‌ವಾಟರ್‌ನ ಸುತ್ತ ಆರ್ಥರ್‌ಗಾಗಿ ಕಾಯುತ್ತಿರುವವರನ್ನು ಹೇಗೋ ತಪ್ಪಿಸಿ, ನದಿಯಂಚಿನಲ್ಲಿ ಸುತ್ತಿ ಬಳಸಿ, ಹುಲ್ಲು ಒಣಗಿ ಮಣ್ಣು ಕೆಂಪಾಗುವ ಕಡೆ ಕಾಲಿಟ್ಟೆ. ಎಲ್ಲಿಂದಲೋ ಒಂದು ಗುಂಡು ಬಂತು. ಯಾರೂ ಕಾಣಲಿಲ್ಲ. ಆರ್ಥರ್ ಸತ್ತ. ಮತ್ತೆ ಹೋದೆ, ಮತ್ತೆ ಅದೇ. ಗೇಮಿನ ಆ ಭಾಗ ಆರ್ಥರ್‌ನ ಕತೆಗೆ ಸೇರಿದ್ದಲ್ಲ, ಆದ್ದರಿಂದ ಕಾಣದ ಬಂದೂಕುಗಾರನೊಬ್ಬನನ್ನು ಅಲ್ಲಿ ಕಾವಲಿಟ್ಟಿದ್ದಾರೆ. ವಿಮರ್ಶಕನಾಗಿ ನಾನು ಇದನ್ನು ಸೋಮಾರಿತನ ಎನ್ನಬೇಕು. ಮುಕ್ತ ಜಗತ್ತು ಎಂದು ಹೇಳಿಕೊಳ್ಳುವವರು ಒಂದು ಬೇಲಿ, ಒಂದು ಕುಸಿದ ಸೇತುವೆಯನ್ನಾದರೂ ಇಡಬಹುದಿತ್ತು. ಆದರೆ ಮೂರನೆಯ ಸಲ ಸತ್ತಾಗ ನನಗೆ ಬೇರೇನೋ ಅನ್ನಿಸಿತು. ಡಾಕ್ಟರು ಹೇಳಿದ ಊರು ಇದೆ, ನಕ್ಷೆಯಲ್ಲಿದೆ, ಕಣ್ಣಿಗೂ ಕಾಣುತ್ತಿದೆ, ಹೋಗಲಾಗುವುದಿಲ್ಲ. ಎಷ್ಟೋ ರೋಗಿಗಳ ಮಟ್ಟಿಗೆ ವೈದ್ಯರ ಸಲಹೆ ಇರುವುದೇ ಹೀಗೆ. ಇದನ್ನು ಯಾರೂ ಯೋಜಿಸಿ ಬರೆದಿರಲಾರರು. ಬರೆದಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲವೇನೋ.

ಆರ್ಥರ್ ಬೆಟ್ಟದ ಮೇಲೆ ಸತ್ತ ಮೇಲೆ ಕೆಲವು ವರ್ಷ ಕಳೆದು, ಅವನು ಪಾರುಮಾಡಿದ ಜಾನ್ ಮಾರ್ಸ್ಟನ್ ನಮ್ಮ ಪಾತ್ರವಾಗುತ್ತಾನೆ. ಆರ್ಥರ್‌ನ ದಿನಚರಿ ಪುಸ್ತಕ ಈಗ ಅವನ ಕೈಯಲ್ಲಿದೆ. ಆರ್ಥರ್ ಅದರಲ್ಲಿ ಹಕ್ಕಿ, ಚರ್ಚು, ಸೇತುವೆಗಳನ್ನು ಸೊಗಸಾಗಿ ಬರೆಯುತ್ತಿದ್ದ. ಜಾನ್‌ಗೆ ಚಿತ್ರಕಲೆ ಒಲಿದಿಲ್ಲ, ಆದರೂ ಬಿಡದೆ ಗೀಚುತ್ತಾನೆ. ಮರುಭೂಮಿ ಈಗ ತೆರೆದಿದೆ. ಗೇಮ್ ಮುಗಿದು ವಾರವಾದ ಮೇಲೂ ನಾನು ಅಲ್ಲಿ ಕುದುರೆ ಓಡಿಸುತ್ತಿದ್ದುದನ್ನು ಅಕ್ಕನ ಮಗ ನೋಡಿದ.

‘ನ್ಯೂ ಆಸ್ಟಿನ್‌ನಲ್ಲಿ ಮಾಡೋಕೆ ಏನೂ ಇಲ್ಲ ಮಾಮ,’ ಎಂದ.

‘ಗೊತ್ತು,’ ಎಂದೆ. ‘ಹವೆ ಚೆನ್ನಾಗಿದೆಯಂತೆ.’