ಜಮೀನು ತೋರಿಸುವವನು ಯಾರ ಕಡೆಯವನು?

ತಾಲೂಕು ಕಚೇರಿಯ ಎದುರಿನ ಹೋಟೆಲಿನಲ್ಲಿ ಒಂದು ಬೆಳಿಗ್ಗೆ ಸುಮ್ಮನೆ ಕೂತು ನೋಡಿ. ಮಡಿಸಿ ಮಡಿಸಿ ಸವೆದ ಪಹಣಿಯ ಜೆರಾಕ್ಸು, ಬೈಟು ಕಾಫಿ, ಮೊಬೈಲಿನಲ್ಲಿ ಗ್ರಾಮ ನಕ್ಷೆ. “ಪಾರ್ಟಿ ಗಟ್ಟಿ ಇದೆ ಅಣ್ಣ, ನಾಳೆನೇ ಅಡ್ವಾನ್ಸ್ ಕೊಡ್ತಾರೆ” ಎಂದು ಒಂದು ಮೇಜಿನಲ್ಲಿ ಹೇಳಿದವನೇ ಹೊರಗೆ ಹೋಗಿ ಫೋನಿನಲ್ಲಿ, “ಪಾರ್ಟಿಗೆ ದುಡ್ಡಿನ ಅರ್ಜೆಂಟ್ ಇದೆ ಸಾರ್, ಇನ್ನೂ ಇಳೀತಾರೆ” ಎನ್ನುತ್ತಾನೆ. ಮಾರುವವರೂ ಪಾರ್ಟಿ, ಕೊಳ್ಳುವವರೂ ಪಾರ್ಟಿ. ವಕೀಲರಿಗೆ ‘ನನ್ನ ಕಕ್ಷಿದಾರ’ ಎಂದು ಹೇಳಿಕೊಳ್ಳಲು ಒಬ್ಬರಿರುತ್ತಾರೆ. ಹಳ್ಳಿಯ ಜಮೀನು ವ್ಯಾಪಾರದಲ್ಲಿ ಅಂಥ ಮಾತೇ ಹುಟ್ಟಿಲ್ಲ. ಈ ಪದ್ಧತಿಯ ಮೇಲೆ ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ.

ದಲ್ಲಾಳಿಯನ್ನು ಬೈಯುವುದು ಸುಲಭ, ಆದರೆ ಅವನಿಗೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಬೇಕು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿದಾಗ, ಇನ್ನು ಮಧ್ಯವರ್ತಿಯ ಕಾಲ ಮುಗಿಯಿತು ಎಂದುಕೊಂಡವರಿದ್ದರು. ಮುಗಿಯಲಿಲ್ಲ. ಪಹಣಿ ಹೇಳುವುದು ಖಾತೆದಾರ ಯಾರು, ವಿಸ್ತೀರ್ಣ ಎಷ್ಟು, ಖರಾಬು ಎಷ್ಟು, ಬ್ಯಾಂಕಿನ ಸಾಲವಿದೆಯೇ ಎಂಬಷ್ಟನ್ನು. ಋಣಭಾರ ಪತ್ರ ಹೇಳುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹೊಲ ಹಂಚಿಕೊಂಡು ಮೂವತ್ತು ವರ್ಷ ಉಂಡಿದ್ದು, ಬದು ಪ್ರತಿ ಮುಂಗಾರಿಗೂ ಒಂದು ನೇಗಿಲಗೆರೆ ಆಚೆ ಸರಿಯುತ್ತಿರುವುದು, ಮೊದಲ ಹೆಂಡತಿಯ ಮಗ ಊರು ಬಿಟ್ಟು ಹೋದವನು ಇನ್ನೂ ಬದುಕಿರುವುದು, ಇವು ಯಾವ ಕಾಗದದಲ್ಲೂ ಇಲ್ಲ. ಒಳ್ಳೆಯ ದಲ್ಲಾಳಿಯ ತಲೆಯಲ್ಲಿ ಇವೆ. ಆ ತಿಳಿವಳಿಕೆಗೆ ಬೆಲೆ ಇದೆ, ಬೆಲೆ ಕೊಡಲೂಬೇಕು. ಕೆಡುಕಿರುವುದು ನಾವು ಬೆಲೆ ಕೊಡುವ ರೀತಿಯಲ್ಲಿ. ವ್ಯಾಪಾರ ಕುದುರಿದರೆ ದುಡ್ಡು, ಮುರಿದರೆ ಓಡಾಡಿದ ಪೆಟ್ರೋಲೂ ಕೈಬಿಟ್ಟಂತೆ. ಹೀಗಿರುವಾಗ ತನಗೆ ಗೊತ್ತಿರುವ ಸತ್ಯಗಳಲ್ಲಿ ವ್ಯಾಪಾರ ಮುರಿಯಬಲ್ಲ ಸತ್ಯವನ್ನು ಅವನು ಯಾಕೆ ಹೇಳುತ್ತಾನೆ? ಅವನು ಮಾತಿಗೆ ಪಡೆಯುವ ಕೂಲಿಗಿಂತ ಸುಮ್ಮನಿರುವುದಕ್ಕೆ ಸಿಗುವ ಕೂಲಿ ದೊಡ್ಡದು.

ಲೆಕ್ಕ ಹಾಕಿಯೇ ನೋಡೋಣ. ಎರಡು ಎಕರೆ ಇಪ್ಪತ್ತು ಗುಂಟೆ ಜಮೀನು. ರೈತನಿಗೆ ಎಕರೆಗೆ 28 ಲಕ್ಷ ಎಂದು ಮಾತಾಯಿತು, ಒಟ್ಟು 70 ಲಕ್ಷ. ನೂರಕ್ಕೆ ಒಂದರಂತೆ ಕಮಿಷನ್ 70 ಸಾವಿರ. ಬೆಂಗಳೂರಿನಿಂದ ಬಂದವರಿಗೆ ಎಕರೆಗೆ 32 ಲಕ್ಷ ಎಂದು ಹೇಳಿದರೆ ಒಟ್ಟು 80 ಲಕ್ಷ. ನಡುವಿನ 10 ಲಕ್ಷ ಎಲ್ಲಿಯೂ ಬರೆದಿರುವುದಿಲ್ಲ. ಇದಕ್ಕೆ ಒಂದು ದಾರಿ ಎಂದರೆ ದಲ್ಲಾಳಿ ತನ್ನ ಹೆಸರಿಗೇ ಸಣ್ಣ ಅಡ್ವಾನ್ಸ್ ಕೊಟ್ಟು ಮೂರು ತಿಂಗಳ ಅಗ್ರಿಮೆಂಟ್ ಹಾಕಿಸಿಕೊಳ್ಳುವುದು, ಅಷ್ಟರಲ್ಲಿ ಗಿರಾಕಿ ಹುಡುಕುವುದು, ಕ್ರಯಪತ್ರವನ್ನು ರೈತನಿಂದ ನೇರ ಗಿರಾಕಿಗೆ ಮಾಡಿಸುವುದು. ಮಾರುವವರನ್ನೂ ಕೊಳ್ಳುವವರನ್ನೂ ರಿಜಿಸ್ಟ್ರಾರ್ ಕಚೇರಿಯ ದಿನದವರೆಗೆ ಒಬ್ಬರಿಗೊಬ್ಬರು ಮಾತಾಡಲು ಬಿಡದಿರುವುದು ಅದಕ್ಕೇ. ಎಪ್ಪತ್ತು ಸಾವಿರಕ್ಕೆ ಕೆಲಸ ಮಾಡುವವನಿಗೂ ಹತ್ತು ಲಕ್ಷಕ್ಕೆ ಕೆಲಸ ಮಾಡುವವನಿಗೂ ನಿಷ್ಠೆ ಒಂದೇ ಕಡೆ ಇರಲು ಸಾಧ್ಯವಿಲ್ಲ.

ಇದು ಕಾನೂನಿಗೆ ತಿಳಿಯದ ಸಂಗತಿಯೇನಲ್ಲ. 1872ರ ಕರಾರು ಕಾಯ್ದೆಯಲ್ಲೇ ಇದೆ: ನನ್ನ ಪರವಾಗಿ ವ್ಯವಹರಿಸುವ ಏಜೆಂಟು ನನಗೆ ತಿಳಿಸದೆ ತನ್ನ ಸ್ವಂತಕ್ಕೆ ವ್ಯಾಪಾರ ಮಾಡಿಕೊಂಡರೆ ಆ ಲಾಭವನ್ನು ನಾನು ಕೇಳಿ ಪಡೆಯಬಹುದು. ಕೇಳಿದಾಗ ಅವನು ಲೆಕ್ಕ ಒಪ್ಪಿಸಬೇಕು. ಆದರೆ ಹಳ್ಳಿಯ ದಲ್ಲಾಳಿ ತಾನು ಯಾರ ಏಜೆಂಟ್ ಎಂದು ಎಲ್ಲಿಯೂ ಬರೆದುಕೊಡುವುದಿಲ್ಲ, ನಾವೂ ಬರೆಸಿಕೊಳ್ಳುವುದಿಲ್ಲ. 2016ರ ರೇರಾ ಕಾಯ್ದೆ ನಿವೇಶನ ಮತ್ತು ಅಪಾರ್ಟ್‌ಮೆಂಟ್ ಯೋಜನೆಗಳನ್ನು ಮಾರಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿತು. ಉಳುವ ಹೊಲ ಹೊಲವಾಗಿಯೇ ಮಾರಾಟವಾದರೆ ಆ ಕಾಯ್ದೆ ಅಲ್ಲಿಗೆ ಬರುವುದಿಲ್ಲ. ಎರಡು ಕೋಣೆಯ ಫ್ಲ್ಯಾಟು ಕೊಳ್ಳುವವರಿಗೆ ಇರುವ ರಕ್ಷಣೆ ಮೂರು ತಲೆಮಾರಿನ ಹೊಲ ಮಾರುವವರಿಗೆ ಇಲ್ಲ ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಕೊಳ್ಳಲು ಬರುವವರ ನಿರೀಕ್ಷೆಯೂ ಈ ಪದ್ಧತಿಯನ್ನು ಸಾಕಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದಾಯಿತು. ಶನಿವಾರ ಕಾರು ಹತ್ತಿ ಬಂದು, ಸಂಜೆಯೊಳಗೆ ನಾಲ್ಕು ಜಮೀನು ನೋಡಿ, ಒಂದನ್ನು ಆರಿಸಿಬಿಡಬೇಕು ಎಂಬ ಅವಸರ ಅವರದು. “ಕ್ಲಿಯರ್ ಟೈಟಲ್, ರೋಡ್ ಟಚ್, ಬೋರಲ್ಲಿ ನೀರು” ಎಂಬ ಮೂರು ಮಾತು ಕೇಳಿದರೆ ಸಾಕು. ದಾರಿಯದ್ದೊಂದೇ ನೋಡಿ. ಸುಗ್ಗಿ ಮುಗಿದು ಹೊಲಗಳು ಬಯಲಾಗಿರುವ ಫೆಬ್ರವರಿಯಲ್ಲಿ ಕಾರು ಜಮೀನಿನ ನಟ್ಟನಡುವೆ ಹೋಗಿ ನಿಲ್ಲುತ್ತದೆ. ಅದು ಪಕ್ಕದವನ ಹೊಲದ ಅಂಚು ಎಂದು ಗಿರಾಕಿಗೆ ಗೊತ್ತಿಲ್ಲ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಇದೆಯೇ ಎಂದು ಯಾರೂ ಕೇಳಿಲ್ಲ. ಪಕ್ಕದವನು ಇಷ್ಟು ವರ್ಷ ಬಿಟ್ಟದ್ದು ನೆರೆಹೊರೆಯ ದಾಕ್ಷಿಣ್ಯಕ್ಕೆ. ಕೇಳಿ, ಒಪ್ಪಿಸಿಕೊಂಡು ನಡೆದ ದಾರಿ ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ. ಹೊಸಬರು ತಂತಿಬೇಲಿ ಹಾಕಿದ ವಾರಕ್ಕೆ ಅವನೂ ಬೇಲಿ ಹಾಕುತ್ತಾನೆ. ದಲ್ಲಾಳಿಗೆ ಇದು ಮೊದಲೇ ಗೊತ್ತಿತ್ತು. ಅವನು ಸುಳ್ಳು ಹೇಳಿಲ್ಲ, ಕಾರು ಓಡಿಸಿ ತೋರಿಸಿದ ಅಷ್ಟೇ. ಇನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರನ್ನು ಹತ್ತು ನಿಮಿಷ ಓಡಿಸಿ ತೋರಿಸಿದರೆ ಅದರಿಂದ ಬೇಸಿಗೆಯ ನೀರು ತಿಳಿಯುವುದಿಲ್ಲ.

ಆದರೂ ಗಿರಾಕಿಗೆ ವಕೀಲರಿದ್ದಾರೆ, ದುಡ್ಡಿದೆ, ಬೇಡವೆನ್ನುವ ಸ್ವಾತಂತ್ರ್ಯವಿದೆ. ನನ್ನ ಹೊಟ್ಟೆ ಉರಿಯುವುದು ಈ ವ್ಯಾಪಾರದಲ್ಲಿ ಯಾರ ಪಾರ್ಟಿಯೂ ಆಗದೆ ಉಳಿಯುವವರಿಗಾಗಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತು, 2005ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ಈಗ ಅಕ್ಕತಂಗಿಯರ ಸಹಿಯಿಲ್ಲದೆ ಬುದ್ಧಿವಂತ ಗಿರಾಕಿ ದುಡ್ಡು ಬಿಚ್ಚುವುದಿಲ್ಲ. ಆ ಸಹಿ ತರುವ ಕೆಲಸ ದಲ್ಲಾಳಿಯದು. ನಾನು ಒಮ್ಮೆ ಅಂಥ ಮನೆಯ ಜಗುಲಿಯಲ್ಲಿದ್ದೆ. ಐವತ್ತು ದಾಟಿದ ಹೆಂಗಸು, ಗಂಡನ ಊರಿನಿಂದ ಬಸ್ಸಿನಲ್ಲಿ ಕರೆಸಿದ್ದರು. “ಬರೀ ಒಂದು ಸಹಿ ಅಕ್ಕ, ಅರಿಶಿನ ಕುಂಕುಮಕ್ಕೆ ಅಂತ ಅಣ್ಣ ಏನೋ ಕೊಡ್ತಾರೆ. ನಾಳೆ ತವರಿಗೆ ಬಂದುಹೋಗೋದು ಬೇಡ್ವಾ?” ಎಂದು ದಲ್ಲಾಳಿ ನಯವಾಗಿ ಹೇಳಿದ. ಜಮೀನು ಎಷ್ಟಕ್ಕೆ ಹೋಯಿತೆಂದು ಆಕೆ ಕೇಳಲಿಲ್ಲ, ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಬರೆಸಿಕೊಂಡದ್ದು ಹಕ್ಕು ಬಿಡುಗಡೆ ಪತ್ರ. ಇಡೀ ವ್ಯಾಪಾರದಲ್ಲಿ ದಲ್ಲಾಳಿ ಪಟ್ಟ ಅತಿ ದೊಡ್ಡ ಶ್ರಮ ಆ ಒಂದು ಸಹಿಗಾಗಿ, ಅದರ ಕೂಲಿ ಬಂದದ್ದು ಆಕೆಯ ಪಾಲಿನಿಂದಲೇ.

ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಕತೆಯೂ ಇಂಥದ್ದೇ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ. “ಹಳೇ ಮಂಜೂರಿ ಸಾರ್, ಏನೂ ಆಗಲ್ಲ” ಎಂಬ ಮಾತಿನ ಮೇಲೆ ಕೊಂಡವರು ವರ್ಷಗಳ ನಂತರ ಉಪವಿಭಾಗಾಧಿಕಾರಿಯ ಕೋರ್ಟಿನಲ್ಲಿ ನಿಲ್ಲುತ್ತಾರೆ. ಮಾತು ಕೊಟ್ಟವನು ಅಲ್ಲಿ ಕಕ್ಷಿಯೂ ಅಲ್ಲ, ಸಾಕ್ಷಿಯೂ ಅಲ್ಲ.

ನನಗೆ ಬೇಕೆನಿಸುವುದು ದೊಡ್ಡದೇನಲ್ಲ. ಜಮೀನು ತೋರಿಸುವ ಮೊದಲು ಒಂದು ಹಾಳೆಯಲ್ಲಿ ಇವನು ಯಾರ ಪರ, ಕೂಲಿ ಎಷ್ಟು, ಕೊಡುವವರು ಯಾರು ಎಂದು ಬರೆದು ಇಬ್ಬರಿಗೂ ಒಂದೊಂದು ಪ್ರತಿ ಕೊಡಬೇಕು. ಮೂಲ ಮಂಜೂರಿ, ವಂಶವೃಕ್ಷ, ಮ್ಯುಟೇಷನ್, ಭಾಗ ಮಾರುವುದಾದರೆ 11ಇ ನಕ್ಷೆ, ಇವನ್ನು ಕೂಡಿಸುವ ಕೆಲಸಕ್ಕೆ ವ್ಯಾಪಾರ ಆಗಲಿ ಬಿಡಲಿ ಬೇರೆಯಾಗಿ ದುಡ್ಡು ಕೊಡಬೇಕು. ಇದು ನಡೆಯದ ಮಾತು ಎನ್ನುವವರಿಗೆ ನನಗೆ ಪರಿಚಯವಿರುವ ಒಬ್ಬ ಹಿರಿಯರನ್ನು ತೋರಿಸಬಲ್ಲೆ. ಹಿಂದೆ ಸರ್ವೆಯವರ ಜೊತೆ ಸರಪಳಿ ಹಿಡಿದು ಊರೂರು ತಿರುಗಿದವರು. ಜಮೀನಿಗೆ ಬಂದರೆ ಒಂದು ದಿನದ ಕೂಲಿ ಕೇಳುತ್ತಾರೆ, ಬೆಲೆಯ ಮಾತು ಬಂದರೆ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸುತ್ತಾರೆ. ಕಳೆದ ಬಾರಿ ನನ್ನ ಪರಿಚಯದವರೊಬ್ಬರನ್ನು ಅವರ ಬಳಿಗೆ ಕರೆದುಕೊಂಡು ಹೋಗಿದ್ದೆ. ಪಹಣಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಅವರು ಮಾರುವ ರೈತನ ಕಡೆ ತಿರುಗಿ ಕೇಳಿದರು: “ಅಕ್ಕತಂಗೇರು ಎಷ್ಟು ಜನ ಇದಾರಪ್ಪ? ಅವರಿಗೆ ರೇಟು ಹೇಳಿದೀಯಾ?” ರೈತ ಉತ್ತರ ಕೊಡಲಿಲ್ಲ. ಆ ವ್ಯಾಪಾರ ಅಲ್ಲಿಗೇ ನಿಂತಿತು. ಹಿರಿಯರು ಅಂದಿನ ಕೂಲಿ ಎಣಿಸಿಕೊಂಡು ಬಸ್ಸಿಗೆ ಹೊರಟರು.